ಅಧಿವೇಶನ ಮುಗಿದ ಮೇಲೆ ಶಾಸಕರು ಕೊಡುವ ವರದಿಯನ್ನು ಓದುವುದು ಹೇಗೆ?

(ಸದಸ್ಯ ಶಿಕ್ಷಣ ಪಾಠ)



ವಿಧಾನಮಂಡಲದ ಅಧಿವೇಶನ ಮುಗಿದ ಕೆಲವು ದಿನಗಳಿಗೆ ಒಂದು ಕರಪತ್ರವೋ, ಸಣ್ಣ ಪುಸ್ತಿಕೆಯೋ ನಮ್ಮ ಕೈಗೆ ಬರುವುದುಂಟು. ಮೇಲೆ ಶಾಸಕರ ಭಾವಚಿತ್ರ, ಕೆಳಗೆ ಅವರು ಸದನದಲ್ಲಿ ಮಾಡಿದ ಕೆಲಸಗಳ ಪಟ್ಟಿ. ಇಂಥ ವರದಿ ಕೊಡುವುದು ಅವರವರ ಇಷ್ಟಕ್ಕೆ ಬಿಟ್ಟದ್ದು, ಕೊಡುವವರನ್ನು ಮೆಚ್ಚಬೇಕು. ಆದರೆ ನಾವು ಅದನ್ನು ಏನು ಮಾಡುತ್ತೇವೆ? ಚಿತ್ರ ನೋಡಿ ಮಡಿಚಿ ಇಡುತ್ತೇವೆ. ಸಂಘದಲ್ಲಿ ಹಾಲಿನ ಡಿಗ್ರಿ, ಫ್ಯಾಟ್ ಎಷ್ಟು ಬಂತೆಂದು ಚೀಟಿಯನ್ನು ಎರಡೆರಡು ಸಲ ನೋಡುವ ನಾವು, ಈ ಚೀಟಿಯನ್ನು ಒಂದು ಸಲವೂ ಓದುವುದಿಲ್ಲ. ಅದನ್ನು ಓದುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ನಮ್ಮ ಕ್ಷೇತ್ರ ಯಾವುದು?

ಉದಾಹರಣೆಗೆ ಬೆಂಗಳೂರಿನ ಪಶ್ಚಿಮದ ಶ್ರೀಗಂಧದ ಕಾವಲ್ ಸುತ್ತಮುತ್ತಲನ್ನೇ ತೆಗೆದುಕೊಳ್ಳೋಣ. ಕಾವಲು ಎಂದರೆ ಹಳೆಯ ಮೈಸೂರು ಸೀಮೆಯಲ್ಲಿ ದನ ಮೇಯಲೆಂದು ಕಾದಿರಿಸಿದ ಹುಲ್ಲುಗಾವಲು. ಅಮೃತಮಹಲ್ ಕಾವಲುಗಳ ಹೆಸರನ್ನು ತಾವೆಲ್ಲ ಕೇಳಿದ್ದೀರಿ. ಇಂದು ಶ್ರೀಗಂಧದ ಕಾವಲ್‌ನಲ್ಲಿ ಕಾವಲು ಹೆಸರಿನಲ್ಲಿ ಮಾತ್ರ ಉಳಿದಿದೆ. ಮನೆಗಳೂ ಬಡಾವಣೆಗಳೂ ತುಂಬಿವೆ. ಇಂಥ ಕಡೆ ಹಸು ಕಟ್ಟಿದವರು ಹುಲ್ಲನ್ನೂ ಹಿಂಡಿಯನ್ನೂ ಹಣ ಕೊಟ್ಟೇ ತರಬೇಕು. ಆದ್ದರಿಂದ ಸರ್ಕಾರದ ಒಂದೊಂದು ತೀರ್ಮಾನವೂ ಅವರ ಕೊಟ್ಟಿಗೆಯನ್ನು ಬೇಗ ಮುಟ್ಟುತ್ತದೆ.

ಈ ಭಾಗದಲ್ಲಿ ಒಂದು ತೊಡಕೂ ಇದೆ. ಹೇರೋಹಳ್ಳಿ ಯಶವಂತಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದರೆ, ಹತ್ತಿರದ ಹೆಗ್ಗನಹಳ್ಳಿ ದಾಸರಹಳ್ಳಿ ಕ್ಷೇತ್ರಕ್ಕೆ ಸೇರುತ್ತದೆ. ಒಂದೇ ಸಂಘಕ್ಕೆ ಹಾಲು ಹಾಕುವ ಇಬ್ಬರಿಗೆ ಇಬ್ಬರು ಶಾಸಕರು ಇರಬಹುದು. ರಾಜ್ಯದಲ್ಲಿ ಇಂಥ 224 ಕ್ಷೇತ್ರಗಳಿವೆ. ತಮ್ಮ ಮತದಾರರ ಪಟ್ಟಿಯಲ್ಲಿ ಕ್ಷೇತ್ರದ ಹೆಸರನ್ನು ಮೊದಲು ನೋಡಿಕೊಳ್ಳಿ. ವರದಿ ಕೇಳಬೇಕಾದುದು ಆ ಕ್ಷೇತ್ರದ ಶಾಸಕರನ್ನು.

ಯಾವುದು ಸದನದ ಕೆಲಸ?

ಹಾಲಿನ ವಿಷಯಗಳೆಲ್ಲ ಸದನದಲ್ಲಿ ತೀರ್ಮಾನವಾಗುವುದಿಲ್ಲ. ಮೂರು ಬಗೆಯನ್ನು ಬೇರ್ಪಡಿಸಿಕೊಳ್ಳಿ.

ಮೊದಲನೆಯದು, ಹಾಲು ಅಳೆಯುವುದರಲ್ಲಿ, ಫ್ಯಾಟ್ ನೋಡುವುದರಲ್ಲಿ ಬರುವ ದೂರು. ಇದನ್ನು ನಮ್ಮ ಸಂಘದ ಆಡಳಿತ ಮಂಡಳಿಗೂ ಸರ್ವಸದಸ್ಯರ ಸಭೆಗೂ ತರಬೇಕು.

ಎರಡನೆಯದು, ಲೀಟರಿಗೆ ಸಿಗುವ ಖರೀದಿ ದರ. ಇದು ಒಕ್ಕೂಟದ ಕೆಲಸ. ಹಾಲು ಮಾರುವ ದರ ಏರಿಸಬೇಕಾದರೆ ಮಹಾಮಂಡಳಿ ಮತ್ತು ಸರ್ಕಾರದ ಮಟ್ಟದಲ್ಲಿ ತೀರ್ಮಾನವಾಗುತ್ತದೆ. 2025ರ ಬಜೆಟ್ ಅಧಿವೇಶನ ಮಾರ್ಚ್ 21ರಂದು ಮುಗಿಯಿತು. ನಂದಿನಿ ಹಾಲಿನ ದರವನ್ನು ಲೀಟರಿಗೆ 4 ರೂಪಾಯಿ ಏರಿಸಿ ಅದನ್ನು ಉತ್ಪಾದಕರಿಗೇ ಕೊಡುವ ತೀರ್ಮಾನವನ್ನು ಸಚಿವ ಸಂಪುಟ ಮಾಡಿದ್ದು ಅದಾದ ಮೇಲೆ, ಮಾರ್ಚ್ 27ರಂದು. ಜಾರಿಗೆ ಬಂದದ್ದು ಏಪ್ರಿಲ್ 1ಕ್ಕೆ. ಆ ಅಧಿವೇಶನದ ವರದಿಯಲ್ಲಿ ಈ ನಾಲ್ಕು ರೂಪಾಯಿಯನ್ನು ಹುಡುಕಿದರೆ ಸಿಗುವುದಿಲ್ಲ. ಯಾರಾದರೂ ಅದನ್ನು ಸದನದಲ್ಲಿ ತಾವೇ ಕೊಡಿಸಿದೆವೆಂದರೂ ಒಪ್ಪಬೇಕಿಲ್ಲ.

ಮೂರನೆಯದು, ಸರ್ಕಾರದ ಪ್ರೋತ್ಸಾಹಧನ. ಇದು ಬಜೆಟ್ಟಿನ ಹಣ. ಸದನ ಒಪ್ಪಿಗೆ ಕೊಟ್ಟ ಹಣ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಶುರುವಾಯಿತು. 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಬರಬೇಕಾದ ಈ ಹಣ ತಿಂಗಳುಗಟ್ಟಲೆ ಬಾಕಿ ಉಳಿದದ್ದೂ ಉಂಟು. ದಿನಕ್ಕೆ 10 ಲೀಟರ್ ಹಾಕುವವರಿಗೆ 5 ರೂಪಾಯಿಯಂತೆ ತಿಂಗಳಿಗೆ 1,500 ರೂಪಾಯಿ. ನಾಲ್ಕು ತಿಂಗಳು ನಿಂತರೆ 6,000 ರೂಪಾಯಿ. ಅಷ್ಟು ದಿನ ಹಿಂಡಿ ಅಂಗಡಿಯಲ್ಲಿ ಸಾಲ ಬೆಳೆಯುತ್ತದೆ. ಈ ಬಾಕಿಯನ್ನು ಕೇಳಬೇಕಾದ ಸರಿಯಾದ ಜಾಗ ವಿಧಾನಸಭೆ. ಶಾಸಕರ ವರದಿಯಲ್ಲಿ ನಾವು ಮೊದಲು ಹುಡುಕಬೇಕಾದ ಸಾಲೂ ಇದೇ.

ನಾಲ್ಕು ಮಾತು, ನಾಲ್ಕು ಹಂತ

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದು ಒಂದು. ಗಬ್ಬ ನಿಂತದ್ದು ಇನ್ನೊಂದು. ಕರು ಹಾಕಿದ್ದು ಮತ್ತೊಂದು. ಕಡೆಗೆ ಹಾಲು ಕ್ಯಾನಿಗೆ ಬಿದ್ದದ್ದು ಬೇರೆಯೇ. ಇಂಜೆಕ್ಷನ್ ಮಾಡಿಸಿದ ದಿನವೇ ಯಾರೂ ಹಾಲಿನ ಲೆಕ್ಕ ಬರೆಯುವುದಿಲ್ಲ.

ವರದಿಯಲ್ಲಿಯೂ ಇಂಥ ನಾಲ್ಕು ಮಾತುಗಳು ಬರುತ್ತವೆ.

1. "ಗಮನ ಸೆಳೆದಿದ್ದೇನೆ": ಪ್ರಶ್ನೆ ಕೇಳಿದರು, ಇಲ್ಲವೇ ಶೂನ್ಯ ವೇಳೆಯಲ್ಲಿ ಮಾತನಾಡಿದರು ಎಂದು ಅರ್ಥ.

2. "ಸಚಿವರು ಭರವಸೆ ನೀಡಿದ್ದಾರೆ": ಸದನದಲ್ಲಿ ಸಚಿವರು ಕೊಟ್ಟ ಮಾತು ಬರಿಯ ಮಾತಾಗಬಾರದೆಂದು ವಿಧಾನಮಂಡಲದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ಭರವಸೆ ಕೊಟ್ಟ ತಾರೀಖು ಗೊತ್ತಿದ್ದರೆ ಅದನ್ನು ಮುಂದೆ ಕೇಳಬಹುದು.

3. "ಮಂಜೂರಾಗಿದೆ": ಆದೇಶವಾಯಿತು ಎಂದು ಅರ್ಥ. ಆದೇಶದ ಸಂಖ್ಯೆಯನ್ನೂ ದಿನಾಂಕವನ್ನೂ ಕೇಳಿ.

4. "ಬಿಡುಗಡೆಯಾಗಿದೆ": ಹಣ ಹೊರಟಿತು. ನಮ್ಮ ಪಾಸ್ ಪುಸ್ತಕದಲ್ಲಿ ಕಂಡಾಗ ಮಾತ್ರ ಕೆಲಸ ಮುಗಿಯಿತು.

ವರದಿಯ ಒಂದೊಂದು ಸಾಲಿನ ಪಕ್ಕದಲ್ಲಿ 1, 2, 3, 4 ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಮೊದಲ ಹಂತದಲ್ಲಿರುವುದನ್ನು ಹೀಗಳೆಯಬೇಡಿ. ಕೇಳದೆ ಯಾವುದೂ ಬರುವುದಿಲ್ಲ. ಆದರೆ ಒಂದೇ ವಿಷಯ ಮೂರು ಅಧಿವೇಶನಗಳ ವರದಿಯಲ್ಲೂ ಒಂದನೆಯ ಹಂತದಲ್ಲೇ ನಿಂತಿದ್ದರೆ, ಹೋಗಿ ವಿಚಾರಿಸಬೇಕು.

ಮಸೂದೆ ಬೇರೆ, ಕಾನೂನು ಬೇರೆ

"ಮಸೂದೆಗೆ ಬೆಂಬಲ ಕೊಟ್ಟೆ" ಎಂಬ ಸಾಲೂ ವರದಿಯಲ್ಲಿ ಇರುತ್ತದೆ. ಮಸೂದೆ ವಿಧಾನಸಭೆಯಲ್ಲೂ ವಿಧಾನ ಪರಿಷತ್ತಿನಲ್ಲೂ ಒಪ್ಪಿಗೆ ಪಡೆದು, ರಾಜ್ಯಪಾಲರ ಅಂಕಿತವಾಗಿ, ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಕಾನೂನಾಗುತ್ತದೆ. ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ವಿಧಾನಸಭೆಗೆ ಬಂತು. ಜಂಟಿ ಸಮಿತಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತು. ರಾಜ್ಯಪಾಲರು ವಿವರಣೆ ಕೇಳಿ ಹಿಂದಕ್ಕೆ ಕಳುಹಿಸಿದರು, ಏಪ್ರಿಲ್‌ನಲ್ಲಿ ಅಂಕಿತವಾಯಿತು. ಜಾರಿಗೆ ಬಂದದ್ದು ಮೇ 15ಕ್ಕೆ. ಒಂದೇ ಮಹಾನಗರ ಪಾಲಿಕೆ ಇದ್ದ ಕಡೆ ಐದು ನಗರ ಪಾಲಿಕೆಗಳಾದದ್ದು ಸೆಪ್ಟೆಂಬರ್ ತಿಂಗಳಲ್ಲಿ. ಹೀಗೆ ಒಂದು ಮಸೂದೆ ನಮ್ಮ ಬಾಗಿಲಿಗೆ ಬರಲು ಹದಿನಾಲ್ಕು ತಿಂಗಳಾಯಿತು. ಈ ನಡುವಿನ ಕಾಲವೇ ನಾವು ನಮ್ಮ ಮಾತು ಹೇಳಿಕೊಳ್ಳುವ ಕಾಲ. ನಗರದೊಳಗೆ ಹಸು ಕಟ್ಟುವವರಿಗೆ, ಸಗಣಿ ಗಂಜಲ ವಿಲೇವಾರಿಗೆ ಯಾವ ನಿಯಮ ಬರುತ್ತದೆಂದು ಜಾರಿಯಾದ ಮೇಲೆ ಕೇಳುವುದಕ್ಕಿಂತ ಮುಂಚೆ ಕೇಳುವುದು ಮೇಲು.

ಪ್ರಶ್ನೆ ಬರೆದುಕೊಡಿ

ಸದನದಲ್ಲಿ ಪ್ರಶ್ನೆಗಳು ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಎರಡಕ್ಕೂ ಶಾಸಕರು ಮುಂಚಿತವಾಗಿ ಸೂಚನೆ ಕೊಡಬೇಕು. ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಓಡಿಹೋದರೆ ಪ್ರಯೋಜನ ಕಡಿಮೆ. ಮುಗಿದ ಅಧಿವೇಶನದ ವರದಿ ಕೈಗೆ ಬಂದ ದಿನವೇ ಮುಂದಿನದಕ್ಕೆ ಪ್ರಶ್ನೆ ಬರೆಯಲು ಒಳ್ಳೆಯ ದಿನ.

ಶಾಸಕರೇ ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. 2020ರಿಂದ 2023ರವರೆಗೆ ಯಶವಂತಪುರ ಕ್ಷೇತ್ರದ ಶಾಸಕರೇ ರಾಜ್ಯದ ಸಹಕಾರ ಸಚಿವರಾಗಿದ್ದರು. ಆಗ ಇಲ್ಲಿಯವರು ಅವರ ವರದಿಯಲ್ಲಿ ಪ್ರಶ್ನೆಗಳನ್ನು ಎಣಿಸುವಂತಿರಲಿಲ್ಲ. ಇಲಾಖೆಯ ಕೆಲಸವನ್ನೇ ನೋಡಬೇಕಿತ್ತು.

ಪ್ರಶ್ನೆ ಚಿಕ್ಕದಾಗಿರಲಿ, ಲೆಕ್ಕ ಕೇಳುವಂತಿರಲಿ. "ರೈತರಿಗೆ ಸರ್ಕಾರ ಏನು ಮಾಡಿದೆ?" ಎಂದರೆ ಉತ್ತರವೂ ಅಷ್ಟೇ ಸಡಿಲವಾಗಿ ಬರುತ್ತದೆ. ಹೀಗೆ ಬರೆದುಕೊಡಿ:

(ಅ) ಹಾಲಿನ ಪ್ರೋತ್ಸಾಹಧನ ಬಾಕಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದರೆ, ನಮ್ಮ ಒಕ್ಕೂಟಕ್ಕೆ ಯಾವ ಯಾವ ತಿಂಗಳ ಎಷ್ಟು ಹಣ ಬಾಕಿ ಇದೆ?
(ಇ) ಯಾವ ದಿನಾಂಕದೊಳಗೆ ಬಿಡುಗಡೆ ಮಾಡಲಾಗುವುದು?

ಇದೇ ರೀತಿ ಗೋಮಾಳದ ಬಗ್ಗೆಯೂ ಕೇಳಬಹುದು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಮ್ಮ ಹೋಬಳಿಯಲ್ಲಿ ಜಾನುವಾರು ಎಷ್ಟು, ಉಳಿದಿರುವ ಗೋಮಾಳ ಎಷ್ಟು? ಕಾವಲುಗಳೆಲ್ಲ ಬಡಾವಣೆಯಾದ ಊರಿನಲ್ಲಿ ಈ ಪ್ರಶ್ನೆ ತಡವಾಗಿರಬಹುದು. ಪಕ್ಕದ ಹಳ್ಳಿಗಳಲ್ಲಿ ಇನ್ನೂ ಕಾಲ ಮಿಂಚಿಲ್ಲ.

ಕೊನೆಯದಾಗಿ, ಸದನ ಎಷ್ಟು ದಿನ ನಡೆಯಿತೆಂದೂ ನೋಡಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ರಾಜ್ಯವೇ ಕಾಯಿದೆ ಮಾಡಿಕೊಂಡಿದೆ. ಬಹುಪಾಲು ವರ್ಷಗಳಲ್ಲಿ ಅಷ್ಟು ದಿನ ನಡೆದಿಲ್ಲ. ಸದನ ಗದ್ದಲದಲ್ಲಿ ಮುಂದೂಡಿದ ದಿನ ನಮ್ಮ ಪ್ರಶ್ನೆಯನ್ನು ಎತ್ತಿ ಕೇಳುವ ಅವಕಾಶ ಹೋಗುತ್ತದೆ. ಬೆಳಗಿನ ಹಾಲು ಒಡೆದರೆ ಆ ಹೊತ್ತಿನ ದುಡ್ಡು ಹೋದ ಹಾಗೆಯೇ ಇದು.

ಸಹಕಾರ ಸಂಘದಲ್ಲಿ ಲೆಕ್ಕ ಕೇಳುವುದು ಜಗಳವಲ್ಲ, ಸದಸ್ಯನ ಹಕ್ಕು. ಶಾಸಕರ ಬಳಿಯೂ ಅದೇ ಮರ್ಯಾದೆಯಿಂದ, ಪಕ್ಷ ನೋಡದೆ, ಸಂಘದ ತಲೆಬರಹದ ಕಾಗದದಲ್ಲಿ ಬರೆದು ಕೇಳೋಣ. ಒಬ್ಬರು ಹೋಗಿ ಹೇಳಿದ್ದು ಮರೆತುಹೋಗಬಹುದು; ಸಂಘ ಬರೆದು ಕೊಟ್ಟದ್ದಕ್ಕೆ ಸ್ವೀಕೃತಿ ಇರುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಸದಸ್ಯರು ಎಷ್ಟು ವಿಧಾನಸಭಾ ಕ್ಷೇತ್ರಗಳಿಗೆ ಸೇರಿದ್ದಾರೆ?
2. ಹಾಲಿನ ಖರೀದಿ ದರಕ್ಕೂ ಪ್ರೋತ್ಸಾಹಧನಕ್ಕೂ ಇರುವ ವ್ಯತ್ಯಾಸವೇನು? ಯಾವುದನ್ನು ಯಾರಲ್ಲಿ ಕೇಳಬೇಕು?
3. ಕಳೆದ ಬಾರಿಯ ಶಾಸಕರ ವರದಿ ಇದ್ದರೆ ತಂದು, ಒಂದೊಂದು ಸಾಲು ಯಾವ ಹಂತದಲ್ಲಿದೆ ಎಂದು ಗುರುತಿಸಿ. ಇಲ್ಲದಿದ್ದರೆ, ವರದಿ ಕೊಡಿರೆಂದು ಕೋರಿ ಸಂಘದಿಂದ ಒಂದು ಪತ್ರ ಬರೆಯಿರಿ.
4. ಮುಂದಿನ ಅಧಿವೇಶನಕ್ಕೆ ಸಂಘದಿಂದ ಒಂದೇ ಒಂದು ಪ್ರಶ್ನೆ ಕೊಡುವುದಾದರೆ ಯಾವುದನ್ನು ಕೊಡುತ್ತೀರಿ? ಅದನ್ನು ಅ, ಆ, ಇ ಎಂದು ಬಿಡಿಸಿ ಬರೆದು, ನಡಾವಳಿ ಪುಸ್ತಕದಲ್ಲಿ ದಾಖಲಿಸಿರಿ.