ಬಂದ ಕರೆಗೆ ಯಾವ ವೇಗ?

ಗಣಕಯಂತ್ರದ ಸೊನ್ನೆ-ಒಂದುಗಳನ್ನು ಧ್ವನಿಯಾಗಿ ಮಾರ್ಪಡಿಸಿ ಟೆಲಿಫೋನ್ ತಂತಿಗೆ ಒಪ್ಪಿಸುವುದೂ, ತಂತಿಯಲ್ಲಿ ಬಂದ ಧ್ವನಿಯನ್ನು ಮತ್ತೆ ಸೊನ್ನೆ-ಒಂದುಗಳಾಗಿ ಮಾಡುವುದೂ ಮೋಡೆಮ್ ಎಂಬ ಉಪಕರಣದ ಕಾರ್ಯ. ಇಲ್ಲಿ ನಾವು ಎರಡು ವೇಗಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಟೆಲಿಫೋನ್ ತಂತಿಯ ಎರಡು ತುದಿಗಳ ಮೋಡೆಮ್‌ಗಳ ನಡುವಣ ವೇಗ ಒಂದು. ಮೋಡೆಮಿಗೂ ಅದರ ಸ್ವಂತ ಗಣಕಕ್ಕೂ ನಡುವೆ ಇರುವ ಸೀರಿಯಲ್ ಪೋರ್ಟಿನ ವೇಗ ಇನ್ನೊಂದು. ಕರೆ ಬಂದಾಗ ಮೊದಲನೆಯದನ್ನು ಮೋಡೆಮ್‌ಗಳು ಪರಸ್ಪರ ಸ್ವರವಿನಿಮಯದಿಂದ ಗೊತ್ತುಮಾಡಿಕೊಳ್ಳುತ್ತವೆ. ಎರಡನೆಯದನ್ನು ನಿರ್ಧರಿಸುವುದು ಹೇಗೆ? ಅದು ತಪ್ಪಿದರೆ ಗಣಕಕ್ಕೆ ದೊರೆಯುವುದು ಅರ್ಥವಿಲ್ಲದ ಅಕ್ಷರರಾಶಿ ಮಾತ್ರ.

1962ರಲ್ಲಿ ಅಮೆರಿಕದಲ್ಲಿ ಬಂದ ಬೆಲ್ 103 ಮೋಡೆಮಿನಲ್ಲಿ ಈ ತೊಡಕಿರಲಿಲ್ಲ. ಅದು ಸೆಕೆಂಡಿಗೆ 300 ಬಿಟ್‌ಗಳವರೆಗೆ ಕಳುಹಿಸುತ್ತಿತ್ತು. ತಂತಿಗೂ ಪೋರ್ಟಿಗೂ ಒಂದೇ ವೇಗ. ಒಂದೇ ಮೋಡೆಮ್ 300, 1200, 2400 ಎಂಬ ಹಲವು ವೇಗಗಳನ್ನು ಬಲ್ಲದ್ದಾದ ಮೇಲೆಯೇ ಈ ಪ್ರಶ್ನೆ ತಲೆದೋರಿತು.

1981ರ ಹೇಯ್ಸ್ ಸ್ಮಾರ್ಟ್‌ಮೋಡೆಮಿನೊಡನೆ ಬಳಕೆಗೆ ಬಂದ ಪದ್ಧತಿಯಲ್ಲಿ, ಗಣಕವು ಮೋಡೆಮಿಗೆ ನೀಡುವ ಆಜ್ಞೆಗಳು ಇಂಗ್ಲಿಷಿನ ‘ಎ’, ‘ಟಿ’ ಅಕ್ಷರಗಳಿಂದ ಆರಂಭವಾಗುತ್ತವೆ. ಸುಮ್ಮನಿರುವ ಪೋರ್ಟಿನ ಸ್ಥಿತಿ ‘ಒಂದು’; ಪ್ರತಿಯೊಂದು ಅಕ್ಷರಕ್ಕೂ ಮುಂದಾಳಾಗಿ ಒಂದು ‘ಸೊನ್ನೆ’ ಬರುತ್ತದೆ; ‘ಎ’ ಅಕ್ಷರದಲ್ಲಿ ಮೊದಲು ಹೊರಡುವ ಬಿಟ್ ‘ಒಂದು’. ಹೀಗೆ ಎರಡು ಒಂದುಗಳ ನಡುವೆ ಒಂಟಿ ಸೊನ್ನೆ ಸಿಕ್ಕಿಬೀಳುತ್ತದೆ. ಅದರ ಅವಧಿಯನ್ನು ಮೋಡೆಮ್ ಅಳೆಯುತ್ತದೆ. ಅವಧಿ ಸೆಕೆಂಡಿನ 1200ನೆಯ ಒಂದು ಪಾಲಾದರೆ ಪೋರ್ಟಿನ ವೇಗ 1200 ಎಂದಾಯಿತು.

ಆದರೆ ಹೊರಗಿನಿಂದ ಕರೆ ಬಂದಾಗ ಗಣಕವು ಮೌನವಾಗಿರುತ್ತದೆ. ಅಳೆಯಲು ‘ಎ’ ಎಲ್ಲಿದೆ? ಆದ್ದರಿಂದ ಮೋಡೆಮ್ ತನಗೆ ಕೊನೆಯ ಆಜ್ಞೆ ಬಂದ ವೇಗವನ್ನೇ ನೆನಪಿಟ್ಟು, ಆ ವೇಗದಲ್ಲಿ ‘ರಿಂಗ್’ ಎಂದು ಸಾರುತ್ತದೆ. ಕರೆಗಾಗಿ ಕಾಯುವ ಗಣಕವು ಮುಂಚೆಯೇ ಒಂದು ಆಜ್ಞೆಯನ್ನು ಕಳುಹಿಸಿಡುವುದು ಇದಕ್ಕಾಗಿಯೇ. ಸಂಪರ್ಕವಾದೊಡನೆ ಹಿಂದಿನ ಮೋಡೆಮ್‌ಗಳು ‘ಕನೆಕ್ಟ್ 1200’ ಎಂದು ತಿಳಿಸಿ, ಪೋರ್ಟನ್ನು ತಂತಿಯ ವೇಗಕ್ಕೆ ಬದಲಾಯಿಸುತ್ತಿದ್ದವು. ಗಣಕವೂ ಅದನ್ನೋದಿ ತಕ್ಷಣ ಬದಲಾಗಬೇಕಿತ್ತು.

1990ರಲ್ಲಿ ವಿ.42ಬಿಸ್ ಎಂಬ ಸಂಕೋಚನ ಪದ್ಧತಿ ಬಂದಿತು. ಇದರಿಂದ ಬರಹವು ಅನುಕೂಲ ಸಂದರ್ಭದಲ್ಲಿ ಕಾಲುಭಾಗಕ್ಕೆ ಕುಗ್ಗಬಲ್ಲದು. ಆಗ 14,400 ಬಿಟ್‌ಗಳ ತಂತಿಗೆ ಸಾಕಷ್ಟು ಒದಗಿಸಲು ಪೋರ್ಟಿನ ವೇಗ ಅದರ ನಾಲ್ಮಡಿ, ಅಂದರೆ 57,600, ಇರಬೇಕು. ಆದ್ದರಿಂದ ಕರೆ ಯಾವ ವೇಗದ್ದಾದರೂ ಪೋರ್ಟನ್ನು ಈ ವೇಗದಲ್ಲೇ ಸ್ಥಿರವಾಗಿಡುವುದು ರೂಢಿಯಾಯಿತು.

ಒಂದು ಅಪಾಯ ಉಳಿಯಿತು. ಅಕ್ಷರಕ್ಕೆ 10 ಬಿಟ್‌ನಂತೆ ಪೋರ್ಟಿನಿಂದ ಸೆಕೆಂಡಿಗೆ 5,760 ಅಕ್ಷರಗಳು ಬರಬಹುದು. ಕುಗ್ಗದ ಮಾಹಿತಿಯಾದರೆ, ಅಕ್ಷರಕ್ಕೆ 8 ಬಿಟ್‌ನಂತೆ ಲೆಕ್ಕ ಹಾಕಿದರೂ ತಂತಿ ಸಾಗಿಸುವುದು 1,800 ಮಾತ್ರ. ಉಳಿದವು ಮೋಡೆಮಿನ ಸ್ಮೃತಿಯಲ್ಲಿ ತೊಟ್ಟಿಯ ನೀರಿನಂತೆ ಏರುತ್ತವೆ. ತೊಟ್ಟಿ ತುಂಬುವ ಮೊದಲೇ ಮೋಡೆಮ್ ಪ್ರತ್ಯೇಕ ತಂತಿಯೊಂದರ ಮೂಲಕ ‘ನಿಲ್ಲಿಸು’ ಎಂಬ ಸೂಚನೆ ನೀಡಿ ತೂಬನ್ನು ಮುಚ್ಚಿಸುತ್ತದೆ. ಗಣಕವು ಈ ಸೂಚನೆಯನ್ನು ಪಾಲಿಸದಿದ್ದರೆ ಅಕ್ಷರಗಳು ಚೆಲ್ಲಿಹೋಗುತ್ತವೆ. ಆದುದರಿಂದ ಪೋರ್ಟಿನ ವೇಗವನ್ನು ಸ್ಥಿರಗೊಳಿಸುವವರು ತೂಬಿನ ವ್ಯವಸ್ಥೆಯನ್ನೂ ಜೊತೆಯಲ್ಲಿಯೇ ಮಾಡಬೇಕು.