ಹಳೇ ಮಾರುತಿ 800: ಟ್ಯಾಪೆಟ್ ಕವರ್ ಸೋರಿಕೆ ನಿಲ್ಲಿಸುವ ಬಗೆ

ಗಾಡಿ ನಿಂತ ಜಾಗದಲ್ಲಿ ಬೆಳಗಾದರೆ ಕಪ್ಪು ಕಲೆ. ಸಿಗ್ನಲ್‌ನಲ್ಲಿ ನಿಂತರೆ ಬಾನೆಟ್ ಸಂದಿಯಿಂದ ಸುಟ್ಟೆಣ್ಣೆಯ ವಾಸನೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ತನಕ ತಯಾರಾದ ಮಾರುತಿ 800 ಇನ್ನೂ ಮನೆಯಲ್ಲಿ ಉಳಿದಿದ್ದರೆ ಇವೆರಡೂ ನಿಮಗೆ ಹೊಸದಲ್ಲ. ನಮ್ಮ ಗಾಡಿಯದೂ ಇದೇ ಕತೆಯಾಗಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಟ್ಯಾಪೆಟ್ ಕವರಿನ ಬೋಲ್ಟ್ ಇನ್ನಷ್ಟು ಬಿಗಿ ಮಾಡಿ ಕಳಿಸುತ್ತಿದ್ದರು. ಎರಡು ದಿನ ಸುಮ್ಮನಿದ್ದು ಮತ್ತೆ ಸೋರುತ್ತಿತ್ತು. ಕೊನೆಗೆ ಕವರ್ ಬಿಚ್ಚಿ ನೋಡಿದರೆ, ಒಳಗಿನ ರಬ್ಬರ್ ಪ್ಯಾಕಿಂಗ್ ಹಪ್ಪಳದ ಹಾಗೆ ಲಟಕ್ಕೆಂದು ಮುರಿಯಿತು. ಒಣಗಿ ಕಲ್ಲಾದ ರಬ್ಬರನ್ನು ಎಷ್ಟು ಒತ್ತಿದರೂ ಅದು ಎಣ್ಣೆ ತಡೆಯುವುದಿಲ್ಲ. ಬೇಕಾದದ್ದು ಹೊಸ ಪ್ಯಾಕಿಂಗ್, ಶುದ್ಧವಾದ ಮೇಲ್ಮೈ, ಹಗುರ ಕೈ. ಈ ಕೆಲಸವನ್ನು ಒಂದು ಭಾನುವಾರ ನೀವೇ ಮಾಡಬಹುದು.

ಮೊದಲು: ಸೋರುತ್ತಿರುವುದು ಅಲ್ಲಿಂದಲೇ ತಾನೇ?

ಎಣ್ಣೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ತಣ್ಣಗಿರುವ ಎಂಜಿನ್ನನ್ನು ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಕವರಿನ ಅಂಚಿನ ಕೆಳಗೆ, ಸುತ್ತಲೂ, ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರಿನ ಮೇಲೆ ಎಣ್ಣೆ ಹರಿದ ಗೆರೆ ಎದ್ದು ಕಾಣುತ್ತದೆ. ಗೆರೆ ಕವರಿನ ಅಂಚಿನಿಂದಲೇ ಶುರುವಾಗಿದ್ದರೆ ಮುಂದೆ ಓದಿ. ಡಿಸ್ಟ್ರಿಬ್ಯೂಟರ್ ಬುಡದಿಂದ ಶುರುವಾಗಿದ್ದರೆ ಅಲ್ಲಿನ ಓ-ರಿಂಗ್ ಹೋಗಿದೆ. ಅದು ಬೇರೆ ಕೆಲಸ.

ಬೇಕಾಗುವ ಸಾಮಾನು

ನಿಮ್ಮ ಮಾಡೆಲ್ ಮತ್ತು ವರ್ಷ ಹೇಳಿ ಹೊಸ ಪ್ಯಾಕಿಂಗ್ ತನ್ನಿ. ಬೋಲ್ಟುಗಳ ಕೆಳಗಿನ ರಬ್ಬರ್ ವಾಷರುಗಳನ್ನೂ ಕೇಳಿ ತನ್ನಿ. ಪ್ಯಾಕಿಂಗ್ ಹೊಸದು ಹಾಕಿ ವಾಷರ್ ಹಳೆಯದೇ ಬಿಟ್ಟರೆ ಬೋಲ್ಟಿನ ಬುಡದಿಂದ ಸೋರುತ್ತದೆ. ಬಾಕ್ಸ್ ಪಾನಗಳ ಸೆಟ್ಟು, ಸ್ಕ್ರೂಡ್ರೈವರ್, ಹಳೇ ಎಟಿಎಂ ಕಾರ್ಡ್, ನೂಲು ಬಿಡದ ಹತ್ತಿ ಬಟ್ಟೆ, ಸ್ವಲ್ಪ ಥಿನ್ನರ್ ಸಾಕು.

ಬಿಚ್ಚುವುದು

ಎಂಜಿನ್ ಕೈಯಿಟ್ಟರೆ ಸುಡದಷ್ಟು ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಕವರಿಗೆ ಅಡ್ಡ ಬರುವ ಪೈಪು, ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಪ್ಲಗ್ ವೈರ್ ತೆಗೆಯಬೇಕಾದರೆ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಈ ಮೂರು ಸಿಲಿಂಡರಿನ ಎಂಜಿನ್ 1-3-2 ಕ್ರಮದಲ್ಲಿ ಉರಿಯುತ್ತದೆ, ವೈರ್ ಅದಲುಬದಲಾದರೆ ಗಾಡಿ ನಡುಗುತ್ತದೆ.

ಬೋಲ್ಟುಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಬನ್ನಿ. ಕವರ್ ಅಂಟಿಕೊಂಡಿದ್ದರೆ ಮರದ ತುಂಡಿಟ್ಟು ಬದಿಯಿಂದ ಮೆಲ್ಲಗೆ ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಲೇಬೇಡಿ. ಕೆಳಗಿನ ಹೆಡ್ ಅಲ್ಯೂಮಿನಿಯಂನದು. ಒಂದು ಗೀರು ಬಿದ್ದರೆ ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಎಣ್ಣೆ ಆ ಗೀರಿನಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಶುದ್ಧ ಮಾಡುವುದು

ಅರ್ಧ ಗಂಟೆ ಹಿಡಿದರೂ ಇಲ್ಲಿ ಅವಸರ ಬೇಡ. ಮೊದಲು ಬಿಚ್ಚಿಟ್ಟ ಒಳಭಾಗಕ್ಕೆ ಬಟ್ಟೆ ಹೊದಿಸಿ, ಚೂರು ಒಳಗೆ ಬೀಳದಿರಲಿ. ಹಳೇ ಪ್ಯಾಕಿಂಗಿನ ತುಣುಕು, ಹಿಂದೆ ಯಾರೋ ಮೆತ್ತಿದ ಸಿಲಿಕಾನ್ ಪೇಸ್ಟು, ಎಲ್ಲವನ್ನೂ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ಎಮರಿ ಕಾಗದ ಉಜ್ಜಬೇಡಿ. ಅದರ ಪುಡಿ ಒಳಗೆ ಸೇರಿದರೆ ಬೇರಿಂಗ್ ಸವೆಯುತ್ತದೆ. ಕೊನೆಗೆ ಥಿನ್ನರ್ ಬಟ್ಟೆಯಿಂದ ಎರಡೂ ಮೇಲ್ಮೈ ಒರೆಸಿ. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು, ಜಿಡ್ಡೂ ಹತ್ತಬಾರದು. ಹತ್ತಿರ ಬೀಡಿ, ಬೆಂಕಿ ಸುಳಿಯದಿರಲಿ.

ಕವರನ್ನು ಕಿಟಕಿ ಗಾಜಿನಂಥ ಸಮತಟ್ಟಾದ ಜಾಗದ ಮೇಲೆ ಅಂಚು ಕೆಳಗಾಗಿ ಇಟ್ಟು ನೋಡಿ. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತಿದ್ದರೆ ಕವರ್ ಬಾಗಿದೆ. ವರ್ಷಾನುಗಟ್ಟಲೆ ಬಿಗಿ ಮಾಡಿದ್ದರ ಫಲ ಅದು. ಅಂಥ ಕವರನ್ನು ಬದಲಿಸುವುದೇ ಸರಿ.

ಇನ್ನೊಂದು ಮಾತು. ಕವರಿಗೆ ಸೇರುವ ಬ್ರೀದರ್ ಪೈಪನ್ನು ಬಿಚ್ಚಿ ಊದಿ ನೋಡಿ. ಅದು ಕಟ್ಟಿಕೊಂಡಿದ್ದರೆ ಎಂಜಿನ್ ಒಳಗಿನ ಗಾಳಿ ಹೊರಹೋಗಲು ಜಾಗವಿಲ್ಲದೆ, ಒತ್ತಡ ಹೆಚ್ಚಿ, ಎಣ್ಣೆಯನ್ನು ಪ್ಯಾಕಿಂಗಿನ ಸಂದಿಯಿಂದ ಹೊರದೂಡುತ್ತದೆ. ಎಷ್ಟು ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಸೋರಿಕೆಗೆ ಎಷ್ಟೋ ಸಲ ಇದೇ ಕಾರಣ.

ಟ್ಯಾಪೆಟ್ ಸದ್ದು ಜಾಸ್ತಿಯಿದ್ದರೆ ಕವರ್ ಮುಚ್ಚುವ ಮೊದಲೇ ತಿಳಿದ ಮೆಕ್ಯಾನಿಕ್‌ರಿಂದ ಸೆಟ್ ಮಾಡಿಸಿ. ಹೊಸಬರು ಅದಕ್ಕೆ ಕೈಹಾಕದಿರುವುದು ಒಳ್ಳೆಯದು.

ಮುಚ್ಚುವುದು

ಹೊಸ ಪ್ಯಾಕಿಂಗನ್ನು ಕವರಿನ ಕಾಲುವೆಯಲ್ಲಿ ಮೂಲೆಯಿಂದ ಮೂಲೆಗೆ ಬೆರಳಿನಿಂದ ಒತ್ತಿ ಕೂರಿಸಿ, ಎಲ್ಲೂ ತಿರುಚಿರಬಾರದು. ರಬ್ಬರ್ ಪ್ಯಾಕಿಂಗಿಗೆ ಸುತ್ತಲೂ ಸಿಲಿಕಾನ್ ಮೆತ್ತುವ ಅಭ್ಯಾಸ ಬಿಡಿ. ಹಿಂಡಿ ಒಳಗಿಳಿದ ಸಿಲಿಕಾನ್ ಚೂರು ಆಯಿಲ್ ಜಾಲರಿ ಕಟ್ಟಿದರೆ ಎಂಜಿನ್ನಿಗೇ ಕುತ್ತು. ಒಳಗೆ ಹೊದಿಸಿದ ಬಟ್ಟೆ ತೆಗೆದಿದ್ದೀರಾ ಎಂದು ಎರಡು ಸಲ ನೋಡಿ, ಕವರನ್ನು ನೇರವಾಗಿ ಇಳಿಸಿ.

ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ. ನಂತರ ಅಡ್ಡಡ್ಡ ಕ್ರಮದಲ್ಲಿ ಎರಡು ಮೂರು ಸುತ್ತಾಗಿ ಬಿಗಿ ಮಾಡಿ. ಇಂಥ ಎಂಜಿನ್ನಿಗೆ ಬೇಕಾಗುವ ಬಿಗಿ 5 ನ್ಯೂಟನ್ ಮೀಟರ್ ಆಸುಪಾಸು. ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. 10 ಸೆಂಟಿಮೀಟರ್ ಉದ್ದದ ಪಾನದ ತುದಿಗೆ 5 ಕೆ.ಜಿ. ಅಕ್ಕಿ ಚೀಲ ನೇತುಹಾಕಿದರೆ ಬೀಳುವ ಬಲ ಅಷ್ಟೇ. ಪಾನವನ್ನು ತಲೆಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ತಿರುಗಿಸಿ, ತಡೆ ಸಿಕ್ಕಿದಲ್ಲಿಗೆ ನಿಲ್ಲಿಸಿ.

ಪರೀಕ್ಷೆ

ಬಿಚ್ಚಿದ್ದನ್ನೆಲ್ಲ ಫೋಟೊ ನೋಡಿ ಜೋಡಿಸಿ, ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ, ಕಮ್ಮಿಯಿದ್ದರೆ ತುಂಬಿ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಡಿ. ಎಕ್ಸಾಸ್ಟ್ ಮೇಲೆ ಹಿಂದೆ ಬಿದ್ದಿದ್ದ ಎಣ್ಣೆ ಉರಿದು ಸ್ವಲ್ಪ ಹೊಗೆ ಬಂದೀತು. ಅದು ತಾನಾಗಿ ನಿಲ್ಲಬೇಕು. ವಾರ ಕಳೆದ ಮೇಲೆ ಮತ್ತೊಮ್ಮೆ ಪೌಡರ್ ಉದುರಿಸಿ ನೋಡಿ. ಒಣಗಿಯೇ ಇದ್ದರೆ ಕೆಲಸ ಮುಗಿಯಿತು. ಯಾವುದೋ ಮೂಲೆಯಲ್ಲಿ ಇನ್ನೂ ಗೆರೆ ಕಂಡರೆ, ದಯವಿಟ್ಟು ಆ ಬೋಲ್ಟನ್ನು ಬಿಗಿ ಮಾಡಬೇಡಿ. ಕವರ್ ಬಿಚ್ಚಿ ಆ ಮೂಲೆಯಲ್ಲಿ ಏನಿದೆ ಎಂದು ನೋಡಿ.