ಮರಿಕಲ್‌ನ ಹಗಲು, ಧ್ರುವದ ಇರುಳು

ನಮ್ಮ ಮರಿಕಲ್‌ನಲ್ಲಿ ಜೂನ್ 21ರ ಸುಮಾರಿಗೆ ಹಗಲು 13 ಗಂಟೆಗಿಂತ ತುಸು ಹೆಚ್ಚು. ಡಿಸೆಂಬರ್ 22ರ ಸುಮಾರಿಗೆ 11 ಗಂಟೆಗಿಂತ ತುಸು ಹೆಚ್ಚು. ಅಂತರ ಎರಡೇ ಗಂಟೆ. ಚಳಿಗಾಲದಲ್ಲಿ ಹೊಲದಿಂದ ಬರುವವರು 'ಬೇಗ ಕತ್ತಲಾಯಿತು' ಎನ್ನುತ್ತಾರೆ, ಅಷ್ಟೆ.

ಇದಕ್ಕೆ ಕಾರಣವೇನು? ಚಳಿಗಾಲದಲ್ಲಿ ಸೂರ್ಯ ದೂರವಾಗುತ್ತಾನೆಂದು ಅನೇಕ ವಿದ್ಯಾರ್ಥಿಗಳು ಉತ್ತರ ಬರೆಯುವುದುಂಟು. ಅದು ತಪ್ಪು. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪ ಬರುವುದೇ ಜನವರಿಯ ಮೊದಲ ವಾರದಲ್ಲಿ. ನಿಜವಾದ ಕಾರಣ ಭೂಮಿಯ ಅಕ್ಷ ಸುಮಾರು 23½ ಡಿಗ್ರಿ ಓರೆಯಾಗಿರುವುದು. ಒಂದು ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿರಿ. ಕಡ್ಡಿಯ ಮೇಲ್ತುದಿಯನ್ನು ದೀಪದಿಂದ ಆಚೆಗೆ ವಾಲಿಸಿ ಹಣ್ಣನ್ನು ತಿರುಗಿಸಿರಿ. ಎಷ್ಟು ಸುತ್ತು ತಿರುಗಿಸಿದರೂ ಹಣ್ಣಿನ ನೆತ್ತಿಗೆ ಬೆಳಕು ತಾಗದು. ಹಣ್ಣಿನ ನೆತ್ತಿಯೇ ನಮ್ಮ ಉತ್ತರ ಧ್ರುವ. ನಮ್ಮಲ್ಲಿ ಎರಡು ಗಂಟೆಯ ಅಂತರವನ್ನುಂಟು ಮಾಡುವ ಓರೆಯೇ ಅಲ್ಲಿ ತಿಂಗಳುಗಟ್ಟಲೆ ಇರುಳನ್ನು ತರುತ್ತದೆ.

ಆ ಇರುಳಿನ ಸೀಮೆಯಲ್ಲಿ ನಮ್ಮ ದೇಶದ ಮನೆಯೊಂದಿದೆ. ಅದರ ಹೆಸರು 'ಹಿಮಾದ್ರಿ'. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ನ್ಯೂ ಆಲೆಸುಂಡ್ ಎಂಬ ಊರಿನಲ್ಲಿ ಈ ಸಂಶೋಧನಾ ಕೇಂದ್ರ 2008ರಲ್ಲಿ ಆರಂಭವಾಯಿತು. ಅಲ್ಲಿಂದ ಧ್ರುವಕ್ಕೆ ಉಳಿದದ್ದು ಸುಮಾರು 1,200 ಕಿಲೋಮೀಟರು. ಓಸ್ಲೋ ನಗರದಿಂದ ಲಾಂಗ್‌ಯಿಯರ್‌ಬ್ಯೂನ್‌ಗೆ ವಿಮಾನ, ಅಲ್ಲಿಂದ ಮುಂದೆ ಪುಟ್ಟ ವಿಮಾನ. ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಮೂಡುವುದಿಲ್ಲ. ಡಿಸೆಂಬರಿನಲ್ಲಿ ಮೋಡವಿಲ್ಲದಿದ್ದರೆ ಮಧ್ಯಾಹ್ನವೇ ನಕ್ಷತ್ರಗಳನ್ನು ಕಾಣಬಹುದು. ಸೂರ್ಯನಿಂದ ಬರುವ ವಿದ್ಯುತ್ಕಣಗಳು ಗಾಳಿಗೆ ತಾಗಿ ಬೆಳಗುವ ಹಸಿರು, ಕೆಂಪು ಧ್ರುವಪ್ರಭೆಯೂ ಕಾಣುತ್ತದೆ. ಹಿಮಕರಡಿಗಳಿರುವುದರಿಂದ ಊರಿನಾಚೆ ಹೋಗುವವರು ಬಂದೂಕು ಒಯ್ಯಬೇಕು.

ಮೊದಲು ನಮ್ಮವರು ಹೆಚ್ಚಾಗಿ ಬೆಳಕಿನ ತಿಂಗಳುಗಳಲ್ಲೇ ಅಲ್ಲಿಗೆ ಹೋಗುತ್ತಿದ್ದರು. 2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಆ ಕತ್ತಲೆಗೇ ಹೊರಟಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆಕಾಶದಿಂದ ಬರುವ ಅತಿ ಕ್ಷೀಣ ರೇಡಿಯೋ ಸಂಕೇತಗಳನ್ನು ಆಲಿಸಲು ಆ ಸ್ಥಳ ತಕ್ಕುದೇ ಎಂದು ಅಳೆಯುವುದು ಅವರ ಕೆಲಸವಾಗಿತ್ತು.

ಇಂಥ ಕೆಲಸ ದೊಡ್ಡ ನಗರಗಳ ಮಕ್ಕಳಿಗೆ ಮಾತ್ರ, ಗಡಿಯೂರಿನಲ್ಲಿ ಕನ್ನಡದಲ್ಲಿ ಓದುವ ನಮ್ಮ ಮಕ್ಕಳಿಗೆ ಎಟುಕದು ಎಂದು ಕೆಲವು ಪೋಷಕರು ಭಾವಿಸುತ್ತಾರೆ. ಹಾಗೆಣಿಸಬೇಕಾಗಿಲ್ಲ. ಅಳೆಯುವ ಅಭ್ಯಾಸಕ್ಕೆ ಒಂದು ಕೋಲು, ಒಂದು ನೋಟುಬುಕ್ಕು ಸಾಕು. ಮನೆಯಂಗಳದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ವಾರಕ್ಕೊಮ್ಮೆ ನಡುಹಗಲಿನ ಅತಿ ಚಿಕ್ಕ ನೆರಳನ್ನು ಅಳೆದು ಬರೆದಿಡಿರಿ. ಮೇ ಮೊದಲ ವಾರದಲ್ಲಿ ಒಂದು ದಿನ ನೆರಳು ಕೋಲಿನ ಬುಡದಲ್ಲೇ ಅಡಗುವುದು. ಆಗಸ್ಟ್ ಮೊದಲ ವಾರದಲ್ಲಿ ಮೋಡ ಬಿಟ್ಟುಕೊಟ್ಟರೆ ಮತ್ತೊಮ್ಮೆ ಹಾಗಾಗುವುದು. ಡಿಸೆಂಬರಿನಲ್ಲಿ ಅದೇ ನೆರಳು ಉದ್ದವಾಗಿ ಬಡಗಣಕ್ಕೆ, ಆ ದೀರ್ಘ ಇರುಳಿನ ದಿಕ್ಕಿಗೇ, ಚಾಚಿರುವುದು. ಅಳೆದವರು ಲೆಕ್ಕವನ್ನು ತರಗತಿಗೆ ತನ್ನಿರಿ. ಎಲ್ಲರೂ ಕೂಡಿ ನೋಡೋಣ.